ನಾಲ್ಕೂ ನಂಬರು ನನ್ನ ಹೆಸರಿನಲ್ಲೇ

ಭಾನುವಾರ, ತಾರೀಖು ಹದಿನೇಳು

ಪ್ರೀತಿಯ ತಂಗಿಗೆ,

ಅಣ್ಣನ ಆಶೀರ್ವಾದಗಳು. ನೀನು ಮೂರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ, ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಆಡುತ್ತೀಯ. ಕಾಗದದಲ್ಲಿ ನಿನಗೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಅತ್ತಿಗೆಯ ಮಂಡಿನೋವು, ನನ್ನ ತಲೆನೋವು ಬಿಟ್ಟರೆ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನ್ನ ತಲೆನೋವಿಗೆ ಫ್ಯಾಮಿಲಿ ಪ್ಲಾನ್ ಅಂತ ಹೆಸರು.

ಹೋದ ವರ್ಷ ದೊಡ್ಡವಳು ಓದಲು ನಿಮ್ಮೂರಿನ ಹಾಸ್ಟೆಲ್ಲಿಗೆ ಹೊರಟಳಲ್ಲ, ಆಗಲೇ ಚಿಕ್ಕವನೂ ನನಗೊಂದು ಫೋನು ಬೇಕೇ ಬೇಕು ಎಂದು ಪಟ್ಟು ಹಿಡಿದ. ಹದಿನೈದು ವರ್ಷದವನಿಗೆ ಅದೇನು ಕಾರುಬಾರೋ! ಅಂಗಡಿಯಲ್ಲಿ ಕೌಂಟರಿನ ಹುಡುಗಿ, "ಫ್ಯಾಮಿಲಿ ಪ್ಲಾನ್ ತಗೊಳ್ಳಿ ಸರ್. ನಾಲ್ಕು ನಂಬರು, ಡೇಟಾ ಎಲ್ಲರಿಗೂ ಸೇರಿ. ಮಕ್ಕಳು ಏನೇ ಮಾಡ್ಬೇಕಂದ್ರೂ ಒಟಿಪಿ ನಿಮ್ಮ ಫೋನಿಗೇ ಬರುತ್ತೆ" ಅಂದಳು. ಆ ಕೊನೆಯ ಮಾತಿಗೆ ಬಿದ್ದೆ ನಾನು. ಇಪ್ಪತ್ತೆರಡು ವರ್ಷದಿಂದ ಡಿಪೋ ಗೇಟಿನಲ್ಲಿ ಕುಳಿತು ಯಾವ ಬಸ್ಸು ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಬಂತು ಅಂತ ಬರೆಯುವವನಿಗೆ ಇಬ್ಬರು ಮಕ್ಕಳು ಯಾವ ಮಹಾ? ದೊಡ್ಡವಳು ಅಲ್ಲೇ ಮುಖ ಊದಿಸಿಕೊಂಡು, "ನಂಗೆ ಹತ್ತೊಂಬತ್ತು ತುಂಬ್ತಪ್ಪ. ನನ್ನ ನಂಬರು ನನ್ನ ಹೆಸರಲ್ಲೇ ಇರ್ಲಿ" ಅಂದಳು. ಆಮೇಲೆ ನೋಡೋಣ ಎಂದು ನಾಲ್ಕು ಕಡೆಯೂ ನಾನೇ ಸಹಿ ಗೀಚಿದೆ.

ಅವತ್ತಿನಿಂದ ಮನೆಯಲ್ಲಿ ನೆಮ್ಮದಿ ಇಲ್ಲ. ಚಿಕ್ಕವನು ಗೇಮ್ ಆಡಿ ಆಡಿ ಇಪ್ಪತ್ತನೇ ತಾರೀಖಿನೊಳಗೆ ಎಲ್ಲರ ಡೇಟಾ ಮುಗಿಸುತ್ತಾನೆ. ಅಕ್ಕ ಅಲ್ಲಿಂದ ಬಯ್ಯುತ್ತಾಳೆ, ತಮ್ಮ ಇಲ್ಲಿಂದ ಹಲ್ಲು ಕಡಿಯುತ್ತಾನೆ. ನಿನ್ನ ಅತ್ತಿಗೆ "ನಾನು ಬರೀ ಹೊಲಿಗೆ ವಿಡಿಯೋ ನೋಡಿದ್ದಪ್ಪ" ಎಂದು ಕೈತೊಳೆದುಕೊಳ್ಳುತ್ತಾಳೆ. ಹೆಚ್ಚಿಗೆ ಡೇಟಾ ಬೇಕಾದರೆ ದೊಡ್ಡವಳು ಅಲ್ಲಿ ಬಟನ್ ಒತ್ತಬೇಕು, ನನಗೆ ಒಟಿಪಿ ಬರಬೇಕು, ನಾನು ಅದನ್ನು ಅವಳಿಗೆ ಕಳಿಸಬೇಕು. ಹತ್ತು ನಿಮಿಷ ದಾಟಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಇನ್ನೊಂದಕ್ಕೆ ಒಂದು ಗಂಟೆ ಕಾಯಬೇಕು. ಯಾವ ಪುಣ್ಯಾತ್ಮ ಮಾಡಿದ ನಿಯಮವೋ!

ಹೋದ ತಿಂಗಳು ಇಪ್ಪತ್ತೆರಡರಂದು ಆದದ್ದನ್ನು ಅವಳು ನಿನಗೆ ಹೇಳಿಯೇ ಇರುತ್ತಾಳೆ. ಆ ದೊಡ್ಡ ಲ್ಯಾಬಿನಲ್ಲಿ ಟ್ರೈನಿಂಗಿಗೆ ಸೇರಲು ಬೆಳಿಗ್ಗೆ ಹನ್ನೊಂದಕ್ಕೆ ಇಂಟರ್‌ವ್ಯೂ ಇತ್ತು, ವಿಡಿಯೋದಲ್ಲಿ. ಹತ್ತೂಮುಕ್ಕಾಲಿಗೆ ನೋಡಿದರೆ ಡೇಟಾ ಖಾಲಿ. ಹಾಸ್ಟೆಲ್ಲಿನ ವೈಫೈ ಕೆಟ್ಟಿತ್ತು, ಅಕ್ಕಪಕ್ಕದ ರೂಮಿನವರು ಕ್ಲಾಸಿಗೆ ಹೋಗಿದ್ದರು. ನನ್ನಿಂದ ಒಟಿಪಿ ಹೋಗಲಿಲ್ಲ. ಯಾರದೋ ಫೋನು ಬೇಡಿ ತರುವಷ್ಟರಲ್ಲಿ ಅವಳ ಸರದಿ ಮುಗಿದು ಮುಂದಿನವರನ್ನು ಕರೆದಾಗಿತ್ತು. ಎರಡು ವರ್ಷದಿಂದ ಬಾಯಿ ಬಿಟ್ಟರೆ ಆ ಲ್ಯಾಬಿನದೇ ಮಾತಾಡುತ್ತಿದ್ದಳು ಕಣೇ. ನಾನು ಡ್ಯೂಟಿಯಲ್ಲಿದ್ದೆ, ಫೋನು ಡ್ರಾಯರಿನಲ್ಲಿತ್ತು ಅಂತ ಹೇಳಿದೆ. "ಸರಿ ಅಪ್ಪ" ಅಂದಳು. ವಾರದೊಳಗೆ ತನ್ನ ಹೆಸರಿನಲ್ಲಿ ಹೊಸ ನಂಬರು ತೆಗೆದುಕೊಂಡಳಂತೆ. ನಮಗೆ ಕೊಟ್ಟಿಲ್ಲ. ಹಳೆಯದಕ್ಕೆ ಮಾಡಿದರೆ ಸ್ವಿಚ್ ಆಫ್. ಅವಳ ಅಮ್ಮನಿಗೆ ಮಾತ್ರ ಹಾಸ್ಟೆಲ್ಲಿನ ಫೋನಿನಿಂದ ಮಾಡುತ್ತಾಳೆ, ಅದೂ ನಾನು ಡ್ಯೂಟಿಗೆ ಹೋದ ಮೇಲೆ.

ಆ ಅಂಗಡಿಗೆ ಹೋಗಿ ಜಗಳ ತೆಗೆದೆ. ಮ್ಯಾನೇಜರು ಕಂಪ್ಯೂಟರ್ ತಿರುಗಿಸಿ ತೋರಿಸಿದ: "ಹತ್ತು ನಲವತ್ತೇಳಕ್ಕೆ ನಿಮ್ಮ ಫೋನಿಗೆ ಒಟಿಪಿ ತಲುಪಿದೆ ಸರ್. ನಮ್ಮದೇನೂ ತಪ್ಪಿಲ್ಲ." "ಡ್ರಾಯರಿನಲ್ಲಿದ್ದ ಫೋನು ಎದ್ದು ಬಂದು ಹೇಳುತ್ತೇನ್ರೀ?" ಎಂದು ಕೂಗಾಡಿದೆ. ಹಿಂದೆ ನಿಂತವರು ನಕ್ಕರು. ಹಾಗಾದರೆ ಅವಳ ನಂಬರನ್ನು ಪ್ಲಾನಿನಿಂದ ಬಿಡಿಸಿ ಅಂದೆ. "ಅದಕ್ಕೆ ಬಳಸೋರೇ ಬರ್ಬೇಕು ಸರ್." "ಅವಳು ಬರಲ್ಲಾರೀ!" "ಯಾಕೆ ಸರ್?" ಅಂದ. ಅವನು ಚಾಚಿದ ಫಾರಮ್ಮನ್ನು ಅಲ್ಲೇ ಬಿಟ್ಟು ಬಂದೆ.

ಪ್ರತಿ ಭಾನುವಾರ ಊಟಕ್ಕೆ ಅವಳು ನಿಮ್ಮ ಮನೆಗೆ ಬರುತ್ತಾಳೆಂದು ಗೊತ್ತು. ಚೆನ್ನಾಗಿ ಬಡಿಸು, ಹಾಸ್ಟೆಲ್ಲಿನಲ್ಲಿ ಸೊರಗಿರುತ್ತಾಳೆ. ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ನೀನೂ ನಿನ್ನ ಮಕ್ಕಳೂ ನೂರು ಕಾಲ ಸುಖವಾಗಿರಿ.

ಇಂತಿ,
ನಿನ್ನ ಸಿಡುಕ ಅಣ್ಣ

ತಾಜಾಕಲಂ: ಲಕೋಟೆ ಅಂಟಿಸಿ ಮತ್ತೆ ಹರಿದೆ. ಫೋನು ಡ್ರಾಯರಿನಲ್ಲಿರಲಿಲ್ಲ, ಕೈಯಲ್ಲೇ ಇತ್ತು. ಒಟಿಪಿ ಬಂತು, ಅದರ ಬೆನ್ನಿಗೇ ಅವಳ ಎಸ್ಸೆಮ್ಮೆಸ್ಸು: "ಅಪ್ಪ ಒಟಿಪಿ ಕಳ್ಸು ಬೇಗ." ಮೂರು ವಾರದಿಂದ ಅವಳು ಒಂದು ಫೋನು ಮಾಡಿರಲಿಲ್ಲ. ಬೇಕಾದಾಗ ಮಾತ್ರ ಅಪ್ಪ ನೆನಪಾಗುತ್ತಾನಾ, ಫೋನ್ ಮಾಡಿಯೇ ಕೇಳಲಿ, ದನಿಯನ್ನಾದರೂ ಕೇಳಿದಂತಾಗುತ್ತದೆ ಎಂದು ಹಟ ಹಿಡಿದು ಕುಳಿತೆ. ಇಂಟರ್‌ವ್ಯೂ ಇರುವುದನ್ನು ಅವಳು ನನಗೆ ಹೇಳಿರಲಿಲ್ಲ, ತಂಗಿ. ಹನ್ನೊಂದಾದ ಮೇಲೆ ಫೋನ್ ಬಂತು. ಅಳುತ್ತಿದ್ದಳು. "ಡ್ಯೂಟಿಲಿದ್ಯಾ ಅಪ್ಪ? ಫೋನು ಡ್ರಾಯರಲ್ಲಿತ್ತಾ?" ಅಂತ ಅವಳೇ ಕೇಳಿದಳು. ನಾನು ಹೂಂ ಅಂದೆ. ಹೊಸ ನಂಬರು ಕೊಡು ಅಂತ ಅವಳನ್ನು ಕೇಳಬೇಡ. ಈ ಕಾಗದ ಅವಳ ಕೈಗೆ ಕೊಡು.