ಪಟ್ಟಿಯಲ್ಲಿ ಒಂದು ಹೆಚ್ಚು

ಮಾರ್ಚ್ 14, ಗುರುವಾರ

3,418 ಅಲ್ಲ, 3,417. ಬೆಳಗ್ಗೆಯಿಂದ ಇದೇ ತಲೆ ಕೊರೆಯುತ್ತಿದೆ.

ಮತ್ತೆ ಎಣಿಸಿ ಒಂದು ಕಡಿಮೆ ತೋರಿಸಿತೆಂದು ಮೂರು ದಿನ ಹೊಸ ಪ್ರೋಗ್ರಾಮನ್ನೇ ಬೈದೆ. ಅದು ಸರಿಯಾಗಿಯೇ ಇತ್ತು. ಹನ್ನೊಂದು ವರ್ಷದ ಹಿಂದೆ ಕಂಪ್ಯೂಟರಿನಲ್ಲಿ ಎಣಿಸಿ ನಾನು ಪ್ರಕಟಿಸಿದ, ಗ್ರೂಪ್ ಎಂಬ ಗಣಿತ ರಚನೆಗಳ ಪಟ್ಟಿಯಲ್ಲಿ, ವೇಷ ಬದಲಿಸಿ ಬಂದ ಒಂದೇ ಗ್ರೂಪನ್ನು ಎರಡು ಸಲ ಸೇರಿಸಿದ್ದೇನೆ. ಇವತ್ತು ಕರೆಂಟ್ ಬಿಲ್ಲಿನ ಹಿಂದೆ ಕೈಯಾರೆ ಲೆಕ್ಕ ಮಾಡಿದೆ. ಎರಡೂ ಒಂದೇ, ಅನುಮಾನವೇ ಇಲ್ಲ. ಹಳೆಯ ಪ್ರೋಗ್ರಾಂ ತೆಗೆದು ನೋಡಿದರೆ ನಾನೇ ಬರೆದ ಒಂದು ಸಾಲು: ಎರಡು ಗ್ರೂಪ್‌ಗಳನ್ನು ಹೋಲಿಸುವುದು ಒಂದು ಗಂಟೆಯಲ್ಲಿ ಮುಗಿಯದಿದ್ದರೆ ಬೇರೆ ಬೇರೆ ಎಂದು ಬರೆದುಕೋ. ಆಗ ಅದೆಂಥ ಅವಸರವಿತ್ತೋ ನನಗೆ!

ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, "ಮೇಡಂ, ಮುಂದಿನ ವಾರ ನಿಮ್ಮ ಬಡ್ತಿ ಫೈಲು ಹೋಗುತ್ತೆ. ಈಗ್ಯಾಕೆ ಇಲ್ಲದ ತಲೆನೋವು? ಅಷ್ಟನ್ನೂ ಕೂತ್ಕೊಂಡು ಯಾರು ಎಣಿಸ್ತಾರೆ?" ಎಂದರು.

"ನಾನು ಎಣಿಸ್ತೀನಿ ಸಾರ್. ನನ್ನ ಕೆಲಸಾನೇ ಅದು."

ಸ್ವಲ್ಪ ಖಾರವಾಯಿತೇನೋ. ಆಗಲಿ. ಫೋನಿನಲ್ಲಿ ಅಕ್ಕನದೂ ಅದೇ ರಾಗ: "ಒಂದು ತಾನೇ ಕಣೇ, ನುಂಗ್ಕೊಂಡು ಸುಮ್ನಿರು." ನುಂಗುವುದಿಲ್ಲ. ತಪ್ಪು ಮಾಡಿದವಳೂ ನಾನು, ಹಿಡಿದವಳೂ ನಾನು. ಇನ್ಯಾರೋ ಬಂದು ಎತ್ತಿ ತೋರಿಸಲಿ ಎಂದು ಕಾಯುವ ಜಾಯಮಾನ ನನ್ನದಲ್ಲ.

ಸಂಜೆಯೇ, ಆ ಪಟ್ಟಿ ಅಚ್ಚಾಗಿದ್ದ ಗಣಿತ ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ಬಡ್ತಿ ಫೈಲಿನಲ್ಲಿ ನನ್ನ ಪ್ರಬಂಧಗಳ ಪಟ್ಟಿ ಇದೆಯಲ್ಲ, ಅದರ ಮೊದಲ ಸಾಲಿಗೇ ಆ ತಿದ್ದುಪಡಿಯನ್ನು ಹಾಕಿದ್ದೇನೆ. ಎಣಿಸುವವರು ಅಲ್ಲಿಂದಲೇ ಎಣಿಸಲಿ.