ಉಜ್ಜಿ ಉಜ್ಜಿ ಸಡಿಲವಾದ ತೊಟ್ಟಿಲು

ಬೀಗಿತ್ತಿಯವರಿಗೆ ವಂದನೆಗಳು.

ನಿಮ್ಮ ಮಗಳು ಕೂಸನ್ನು ಎತ್ತಿಕೊಂಡು ತವರಿಗೆ ಬಂದದ್ದು ನನ್ನಿಂದ. ಅವಳು ನಿಮಗೆ ಏನೂ ಹೇಳಿಲ್ಲವಂತೆ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಮಗ ಯಾರದೋ ಮನೆಯಲ್ಲಿ ಬಳಸಿದ ಮರದ ತೊಟ್ಟಿಲು ತಂದ. ತೊಟ್ಟಿಲು ಗಟ್ಟಿಯಾಗಿಯೇ ಇತ್ತು. ಆದರೆ ಮೊದಲು ಅದರಲ್ಲಿ ಮಲಗಿದ್ದ ಮಗುವಿಗೆ ಯಾವ ಕಾಯಿಲೆ ಇತ್ತೋ ಎಂಬ ಹೆದರಿಕೆ ನನ್ನನ್ನು ಬಿಡಲಿಲ್ಲ. ಕುದಿಯುವ ನೀರು, ಸೋಪು, ಫಿನಾಯಿಲು ಹಾಕಿ ದಿನವೂ ಉಜ್ಜಿದೆ. ಕೂಸನ್ನು ಮಾತ್ರ ಮಲಗಿಸಗೊಡಲಿಲ್ಲ. ಕೊನೆಗೆ ಒಂದು ಕಾಲು ಕಳಚಿತು. ಬಡಗಿ ಬಂದು ಕೂಡಿಸಿ, “ಅಮ್ಮಾ, ಇದು ಮರ, ಪಾತ್ರೆ ಅಲ್ಲ. ಇನ್ನೊಂದ್ಸಲ ನೀರು ಹಾಕಿದ್ರೆ ಒಲೆಗೆ ಇಟ್ಕೊಳ್ಳಿ ಅಷ್ಟೆ” ಎಂದ. ಅವನು ಮೆಟ್ಟಿಲಿಳಿಯುವಷ್ಟರಲ್ಲಿ, ತನ್ನ ಚೀಲವನ್ನು ತೊಟ್ಟಿಲೊಳಗೆ ಇಟ್ಟಿದ್ದನಲ್ಲ ಎನ್ನಿಸಿ ಮತ್ತೆ ನೀರು ಕಾಯಿಸಿದೆ.

“ಅತ್ತೆ, ನಾಳೆ ಮಗೂನೂ ಹೀಗೇ ಉಜ್ತೀರಾ?” ಎಂದಳು ಸೊಸೆ. ನಾನು ಕಾದ ನೀರನ್ನು ತೊಟ್ಟಿಲಿಗೆ ಸುರಿದೆ. ಕಾಲು ಮತ್ತೆ ಕಳಚಿತು, ಅಂದೇ ಅವಳು ಕೂಸಿನೊಂದಿಗೆ ಹೊರಟಳು.

ನನ್ನ ಈ ಹೆದರಿಕೆಗೆ ಡಾಕ್ಟರಿಗೆ ತೋರಿಸಿಕೊಂಡಿದ್ದೇನೆ, ಮಾತ್ರೆ ನುಂಗುತ್ತಿದ್ದೇನೆ. ಬಡಗಿ ತೊಟ್ಟಿಲನ್ನು ಮತ್ತೆ ಸರಿಮಾಡಿದ್ದಾನೆ. ಅದನ್ನಿಟ್ಟಿರುವ ಕೋಣೆಯ ಕೀಲಿಕೈ ಈಗ ಮಗನ ಹತ್ತಿರವಿದೆ, ನಾನೇ ಕೊಟ್ಟೆ.

ಯಾರ ಮುಂದೆಯೂ ಕೈಯೊಡ್ಡಿದವಳಲ್ಲ ನಾನು. ಈಗ ನಿಮ್ಮನ್ನು ಕೇಳುತ್ತಿದ್ದೇನೆ. ಭಾನುವಾರ ಇಬ್ಬರನ್ನೂ ನೀವೇ ಕರೆತನ್ನಿ. ನಾನು ಬಾಗಿಲು ತೆಗೆದು ನಲ್ಲಿಯ ಕಡೆ ತಿರುಗುವ ಮೊದಲೇ ಕೂಸನ್ನು ನನ್ನ ತೋಳಿಗೆ ಹಾಕಿಬಿಡಿ. ನಾನು ಬೈದರೂ ವಾಪಸ್ ತೆಗೆದುಕೊಳ್ಳಬೇಡಿ.

ಇಂತಿ,
ನಿಮ್ಮ ಅಳಿಯನ ತಾಯಿ