ಎಡಕ್ಕೆ ಬಿದ್ದ ಹೂವು

13 ಜೂನ್ 2005, ಸೋಮವಾರ

ಇವತ್ತು ಬೀರೇದೇವರ ಗುಡಿಯಲ್ಲಿ ನನಗೆ ಒಂದು ಮಾತೂ ತಿಳಿಸದೆ ನನ್ನ ವಿದೇಶ ಪ್ರಯಾಣದ ಬಗ್ಗೆ ಮೇಳದವರು ಹೂ ಕೇಳಿದ್ದಾರೆ. ದೇವರ ಮೇಲಿಟ್ಟ ಹೂ ಎಡಕ್ಕೆ ಬಿತ್ತಂತೆ. ಬಲಕ್ಕೆ ಬಿದ್ದಿದ್ದರೆ ಮಾತ್ರ ಅಪ್ಪಣೆ.

ನಮ್ಮ ಡೊಳ್ಳಿನ ಮೇಳದ ಯಜಮಾನರು ಹುಚ್ಚಣ್ಣ ದೊಡ್ಡಪ್ಪ. ಸಂಜೆ ಜಗಲಿಯಲ್ಲಿ ಕೂತು ಹೇಳಿದರು.

"ದೇವ್ರೇ ಬ್ಯಾಡ ಅಂದೈತೆ ಕಣವ್ವ. ಇದ್ನ ಇಲ್ಲಿಗೇ ಬುಡು."

"ನೀವು ಗಂಡಸ್ರು ಹೋಗಾಕೂ ಹೂ ಕೇಳಿದ್ರಾ ದೊಡ್ಡಪ್ಪ?"

"ಗಂಡಸ್ರಿಗೆ ಯಾಕವ್ವ ಅದೆಲ್ಲ?"

ಅವ್ವ ಒಳಗೇ ಇದ್ದಳು. ದೊಡ್ಡಪ್ಪನಿಗೆ ಚಾ ಕಾಸುತ್ತಿದ್ದಳು. ಅದಕ್ಕೂ ಸಿಟ್ಟು.

ದುಬ್ರೊವ್ನಿಕ್ ಎನ್ನುವ ಆ ಪರದೇಶದ ಊರಿನ ಹೆಸರನ್ನು ಇವರ ನಾಲಿಗೆಗೆ ಹತ್ತಿಸಿದವಳು ನಾನು. ಎಲ್ಲರ ಪಾಸ್‌ಪೋರ್ಟ್ ಅರ್ಜಿ ತುಂಬಿದವಳು ನಾನು. ಅಲ್ಲಿನ ಉತ್ಸವದಲ್ಲಿ ಕುಣಿಯುವುದು ಮೂರೇ ದಿನ. ನಾಲ್ಕನೆಯ ದಿನ ಬೆಳಿಗ್ಗೆ, ಸಮುದ್ರದ ಪಕ್ಕದ ಆ ಕೋಟೆಯ ಗೋಡೆಯ ಮೇಲೆ ಒಂದು ಸುತ್ತು ಬರಬೇಕೆಂದು ನಕ್ಷೆಯಲ್ಲಿ ಗೆರೆ ಎಳೆದುಕೊಂಡಿದ್ದೆ. ಎರಡು ಕಿಲೋಮೀಟರ್ ಇರಬಹುದು. ನಮ್ಮ ಹಟ್ಟಿಯಿಂದ ಬಸ್ಸು ನಿಲ್ಲುವ ಗೇಟಿನಷ್ಟು ದೂರ.

ನನ್ನ ಜಾಗಕ್ಕೆ ದೊಡ್ಡಪ್ಪನ ಮಗ ಶಶಿಯಂತೆ. ಹೆಜ್ಜೆ ತಪ್ಪಿದರೆ ಇವತ್ತಿಗೂ ನನ್ನ ಕಾಲು ನೋಡಿಕೊಂಡು ಸರಿಮಾಡಿಕೊಳ್ಳುವವನು. ಅಲ್ಲಿ ಯಾರ ಕಾಲು ನೋಡುತ್ತಾನೆ?

ದೇವರ ಮೇಲೆ ನನಗೆ ಸಿಟ್ಟಿಲ್ಲ. ಕೇಳಿದವರ ಮೇಲೆ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಮಡಿಲ ತುಂಬ ಕಣಗಿಲೆ ಹೂ ಕಿತ್ತುಕೊಂಡು ನಾನೇ ಗುಡಿಗೆ ಹೋಗುತ್ತೇನೆ. ಮೇಳದ ಪ್ರತಿಯೊಬ್ಬ ಗಂಡಸಿನ ಹೆಸರು ಹಿಡಿದು, ಊರವರ ಎದುರಿಗೇ, ಹೋಗಬಹುದೋ ಬೇಡವೋ ಎಂದು ಪೂಜಾರಿಯಿಂದ ಹೂ ಕೇಳಿಸುತ್ತೇನೆ.

ಮೊದಲ ಹೂ ಹುಚ್ಚಣ್ಣ ದೊಡ್ಡಪ್ಪನ ಹೆಸರಿಗೆ.